ಖತ್ಮಿಯ ಲೋಳೆಯೂ ನಿಯಾಂಡರ್ತಲರ ಗೋರಿಯೂ

‘ನಿಯಾಂಡರ್ತಲರೇ (ಅಳಿದುಹೋದ ನಮ್ಮ ದಾಯಾದಿ ಮಾನವರು) ಬಳಸುತ್ತಿದ್ದ 60,000 ವರ್ಷ ಹಳೆಯ ಮದ್ದು’ ಎಂದು ಕಾಡು ಹಾಲಿಹಾಕ್ ಎಂಬ ಹೂಗಿಡದ ಬಗ್ಗೆ ಯಾರಾದರೂ ಬರೆದರೆ ನನಗೆ ಮೈಯುರಿಯುತ್ತದೆ. ಗಿಡದ ಮೇಲೆ ಸಿಟ್ಟಿಲ್ಲ. ಇರಾಕ್, ಇರಾನ್‌ಗಳಿಗೂ ಹಬ್ಬಿದ ಕುರ್ದಿಸ್ತಾನದ ಗುಡ್ಡಗಳಲ್ಲಿ ಬೆಳೆಯುವ ಅಲ್ಸಿಯಾ ಕುರ್ಡಿಕಾ ಎಂಬ ಕಾಡು ಹಾಲಿಹಾಕ್ ಮತ್ತದರ ಒಡಹುಟ್ಟುಗಳು ನಮ್ಮ ದಾಸವಾಳ, ಬೆಂಡೆಗಳ ಬಳಗದವೇ. ಇರಾನಿನಲ್ಲಿ ಹಾಲಿಹಾಕ್‌ಗೆ ಖತ್ಮಿ ಎನ್ನುತ್ತಾರೆ. ನಮ್ಮ ಯುನಾನಿ ಅಂಗಡಿಗಳಲ್ಲೂ ಅದೇ ಹೆಸರು. ಹೂವಿನ ಕಷಾಯ ಒಣಕೆಮ್ಮಿಗೆ, ಅರೆದ ಎಲೆ ಕುರುವಿಗೆ, ನೆನೆಸಿದ ನೀರು ತಲೆಸ್ನಾನಕ್ಕೆ. ದಾಸವಾಳದ ಸೊಪ್ಪು ಕಿವುಚಿ ಗೊಂಪು ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲದರ ಗುಟ್ಟೂ ಲೋಳೆಯಲ್ಲಿದೆ. ಲೋಳೆಯೆಂದರೆ ಸಕ್ಕರೆಯ ಅಣುಗಳ ಉದ್ದುದ್ದ ಸರಪಳಿ. ಅದರ ಮೈಮೇಲಿನ ಋಣ ವಿದ್ಯುದಂಶಗಳು ಒಂದನ್ನೊಂದು ದೂಡುತ್ತವೆ, ಜಗಳವಾಡಿಕೊಂಡ ಅಣ್ಣತಮ್ಮಂದಿರು ಒಂದೇ ಜಗಲಿಯಲ್ಲಿ ದೂರ ದೂರ ಕುಳಿತಂತೆ. ಸರಪಳಿ ಸೆಟೆದು ನಿಲ್ಲುತ್ತದೆ, ನಡುವಿನ ಜಾಗಕ್ಕೆ ನೀರು ಬಂದು ಕೂರುತ್ತದೆ. ಹುಣಸೆಹುಳಿ ಬಿದ್ದರೆ ಆ ವಿದ್ಯುದಂಶಗಳ ಜಗಳ ತಣ್ಣಗಾಗಿ ಸರಪಳಿ ಮುದುಡುತ್ತದೆ. ಬೆಂಡೆಕಾಯಿ ಗೊಜ್ಜಿನ ಲೋಳೆ ಹುಳಿಗೆ ಅಡಗುವುದು ಹೀಗೆ. ಕೆರೆದುಹೋದ ಗಂಟಲಿನ ಮೇಲೆ ನೀರು ತುಂಬಿದ ಈ ಪದರ ಹಸಿ ಸಗಣಿಯಿಂದ ಸಾರಿಸಿದ ನೆಲದಂತೆ ಹರಡಿ, ಉರಿ ತಗ್ಗಿಸುತ್ತದೆ. ರೋಗಾಣುವನ್ನು ಕೊಲ್ಲುವ ಕೆಲಸ ಅದರದಲ್ಲ.

ಇನ್ನು ಆ 60,000 ವರ್ಷ. ಇರಾಕಿನ ಕುರ್ದಿಸ್ತಾನದ ಶಾನಿದರ್ ಗುಹೆಯಲ್ಲಿ ಪುರಾತತ್ವಜ್ಞ ರಾಲ್ಫ್ ಸೊಲೆಕಿ ತಂಡಕ್ಕೆ 1960ರಲ್ಲಿ ಒಬ್ಬ ನಿಯಾಂಡರ್ತಲನ ಅಸ್ಥಿ ಸಿಕ್ಕಿತು. ಸುತ್ತಲಿನ ಮಣ್ಣಿನಲ್ಲಿ ಪರಾಗತಜ್ಞೆ ಆರ್ಲೆಟ್ ಲೆರ್ವಾ-ಗುರ್ಹಾನ್ ಅವರಿಗೆ ಪರಾಗದ ಉಂಡೆಗಳು ಕಂಡವು, ಅದರಲ್ಲಿ ಹಾಲಿಹಾಕ್ ಬಗೆಯ ಮುಳ್ಳುಮುಳ್ಳಾದ ದಪ್ಪ ಕಣಗಳೂ ಇದ್ದವು. ಹೆಣಕ್ಕೆ ಹೂ ಹಾಸಿದ್ದಾರೆ, ಹೂಗಳೂ ಔಷಧೀಯವೇ ಎಂಬ ಕಥೆ ಹಬ್ಬಿತು. ಅಲ್ಲಿಂದ ನಿಯಾಂಡರ್ತಲ ವೈದ್ಯನವರೆಗೆ ಒಂದೇ ನೆಗೆತ! ಆ ಸೀಮೆಯಲ್ಲಿ ಯಾವ ಹಿಡಿ ಹೂ ಕಿತ್ತರೂ ಅರ್ಧ ಮದ್ದಿನದೇ ಆಗಿರುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲವೇ?

1999ರಲ್ಲಿ ಪುರಾತತ್ವಜ್ಞ ಜೆಫ್ರಿ ಸಾಮರ್, ಹೂಗಳನ್ನು ಬಿಲಕ್ಕೆಳೆದದ್ದು ಇಲಿಜಾತಿಯ ಪ್ರಾಣಿ ಎಂದರು. 2023ರಲ್ಲಿ ಸಂಶೋಧಕ ಕ್ರಿಸ್ ಹಂಟ್ ಮತ್ತು ಸಂಗಡಿಗರು ಇನ್ನಷ್ಟು ಸೊಗಸಾದ ಆರೋಪಿಯನ್ನು ತೋರಿಸಿದರು. ಒಂದೇ ಉಂಡೆಯಲ್ಲಿ ಬೇರೆ ಬೇರೆ ಗಿಡಗಳ ಪರಾಗ, ಅದೂ ಬೇರೆ ಬೇರೆ ಕಾಲದಲ್ಲಿ ಅರಳುವ ಗಿಡಗಳದು. ಗುಹೆಯ ನೆಲದಲ್ಲಿ ಒಂಟಿಜೇನುಗಳ ಬಿಲಗಳು ಇವೆ. ಆ ಉಂಡೆ ತಾಯಿಜೇನು ಮರಿಗೆಂದು ಕಟ್ಟಿಟ್ಟ ಬುತ್ತಿಯಿರಬೇಕು.