ಎಮ್ಮೆಯ ಕುತ್ತಿಗೆಯ ಮೇಲೆ ಎಪ್ಪತ್ತೆರಡು ಗಂಟೆ

ಮುಂಬೈಯ ಜೋಗೇಶ್ವರಿ ಕಡೆ ಒಂದು ತಬೇಲಾ, ಅಂದರೆ ಹಾಲಿನ ಎಮ್ಮೆಗಳ ಕೊಟ್ಟಿಗೆ. ಮಾಟುಂಗದಲ್ಲಿರುವ ನಮ್ಮ ಮಾವನ ಹೋಟೆಲಿಗೆ ಕಾಫಿ ಹಾಲು ಬರುವುದು ಅಲ್ಲಿಂದಲೇ. ಒಂದು ಸೋಮವಾರ ಅಲ್ಲಿ ಎಮ್ಮೆಗೆ ಟಿ.ಬಿ. ಪರೀಕ್ಷೆ ಮಾಡುವುದನ್ನು ನೋಡಿದೆ. ಡಾಕ್ಟರು ಕುತ್ತಿಗೆಯ ಕೂದಲನ್ನು ಎರಡು ಕಡೆ ಬೋಳಿಸಿದರು. ಚರ್ಮ ಮಡಚಿ ಹಿಡಿದು ಕ್ಯಾಲಿಪರ್‌ನಲ್ಲಿ ದಪ್ಪ ಅಳೆದು ಬರೆದುಕೊಂಡರು. ಮೇಲಿನ ಜಾಗಕ್ಕೆ ಹಕ್ಕಿಗಳ ಟಿ.ಬಿ. ರೋಗಾಣುವಿನಿಂದ ಮಾಡಿದ ಟ್ಯೂಬರ್ಕುಲಿನ್ ಎಂಬ ಸಾರ, ಕೆಳಗಿನದಕ್ಕೆ ದನದ ರೋಗಾಣುವಿನದು. ಒಂದೊಂದೂ ಬರೀ 0.1 ಮಿ.ಲೀ.

"ಆಯ್ತಾ ಡಾಕ್ಟ್ರೇ?" ಎಂದೆ.

"ಎಲ್ಲಿ ಆಯ್ತು! ಗುರುವಾರ ಬಂದು ಊತ ಅಳೀಬೇಕು."

ಈ ಚುಚ್ಚುಮದ್ದು ರೋಗಾಣುವನ್ನು ಹುಡುಕುವುದೇ ಇಲ್ಲ. ಎಮ್ಮೆಯ ಮೈಗೆ ಅದರ ಪರಿಚಯ ಇದೆಯೇ ಎಂದು ಕೇಳುತ್ತದೆ, ಅಷ್ಟೇ. ಪರಿಚಯವಿದ್ದರೆ ಚರ್ಮ ಊದುತ್ತದೆ. ಹಾಗಾದರೆ ಹಕ್ಕಿಯದ್ದು ಯಾಕೆ? ಕೊಟ್ಟಿಗೆಯ ಮಣ್ಣು, ನೀರಿನ ತೊಟ್ಟಿ, ಸಗಣಿ, ಎಲ್ಲ ಕಡೆ ಇದೇ ಕುಲದ ನಿರುಪದ್ರವಿ ಬ್ಯಾಕ್ಟೀರಿಯಾಗಳು ಇರುತ್ತವೆ. ಅವುಗಳ ಪರಿಚಯಕ್ಕೂ ಚರ್ಮ ಸ್ವಲ್ಪ ಊದಬಹುದು, ಆ ಊತ ಸಾಮಾನ್ಯವಾಗಿ ಹಕ್ಕಿಯದ್ದರ ಜಾಗದಲ್ಲೇ ಹೆಚ್ಚು. ಎರಡು ಊತಗಳನ್ನು ಹೋಲಿಸಿದರೆ ಯಾರದು ಯಾವುದು ಎಂದು ಅಂದಾಜು ಸಿಗುತ್ತದೆ. ದನದ್ದರ ಊತ ಹಕ್ಕಿಯದ್ದರ ಊತವನ್ನು 4 ಮಿ.ಮೀ.ಗಿಂತ ಜಾಸ್ತಿ ಮೀರಿದರೆ ರೋಗ ತಗುಲಿದೆ ಎಂದು ಲೆಕ್ಕ.

ಈ ಪರೀಕ್ಷೆ ಹುಟ್ಟಿದ್ದೇ ಒಂದು ಸೋಲಿನಿಂದ. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ರೋಗಾಣುವನ್ನು ತೋರಿಸಿದ. 1890ರಲ್ಲಿ ಟ್ಯೂಬರ್ಕುಲಿನ್ ಅನ್ನು ಕ್ಷಯಕ್ಕೆ ಮದ್ದು ಎಂದು ಸಾರಿದ. ಮದ್ದಾಗಿ ಅದು ಕೆಲಸಕ್ಕೆ ಬರಲಿಲ್ಲ. ಆದರೆ ರೋಗ ತಗುಲಿದ ದನಕ್ಕೆ ಚುಚ್ಚಿದರೆ ಜ್ವರ ಬರುತ್ತದೆ ಎಂದು ಪಶುವೈದ್ಯರು ಬೇಗನೇ ಕಂಡುಕೊಂಡರು. ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ ಇದನ್ನೇ ಹಿಡಿದು ರೋಗದ ದನಗಳನ್ನು ಬೇರೆ ಕೊಟ್ಟಿಗೆಯಲ್ಲಿಟ್ಟು ಹಿಂಡು ಉಳಿಸಿದ. ಅದೇ ಕಾಖ್ 1901ರಲ್ಲಿ ಲಂಡನ್‌ನಲ್ಲಿ ನಿಂತು, ದನದ ಕ್ಷಯದಿಂದ ಮನುಷ್ಯರಿಗೆ ಅಷ್ಟೇನೂ ಅಪಾಯವಿಲ್ಲ ಎಂದುಬಿಟ್ಟ. ಇದು ತಪ್ಪು ಎಂದು ತೋರಿಸಲು ಬ್ರಿಟನ್ನಿನ ರಾಯಲ್ ಕಮಿಷನ್ನಿಗೆ 1911ರವರೆಗೆ ಬೇಕಾಯಿತು. ಹಾಲಿನಿಂದ ಮಕ್ಕಳಿಗೆ ಬರುತ್ತದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಮೈ ಊದಿದ ಗುರುತು ಬಿಟ್ಟು ರೋಗಾಣುವನ್ನೇ ಹಿಡಿಯೋಣ ಎಂದರೆ ಅದೊಂದು ತಾಳ್ಮೆಯ ಕೆಲಸ. ಇದರ ಹೊರಕವಚದಲ್ಲಿ ಮೇಣದಂಥ ಕೊಬ್ಬು ಇದೆ. ಹಲಸಿನ ಹಣ್ಣು ಬಿಡಿಸಿದ ಕೈಯನ್ನು ನೀರಲ್ಲಿ ತೊಳೆದು ನೋಡಿ, ಗೊತ್ತಾಗುತ್ತದೆ. ಕೆಂಪು ಬಣ್ಣ ಒಮ್ಮೆ ಹಿಡಿಯಿತೆಂದರೆ ಆಸಿಡ್ ಹಾಕಿದರೂ ಬಿಡುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಗುರುತಿಸುವ ಉಪಾಯವೂ ಅದೇ. ಆದರೆ ಕೊಟ್ಟಿಗೆಯಲ್ಲಿರುವ ಅದರ ದಾಯಾದಿಗಳೂ ಹಾಗೇ ಕೆಂಪಗೆ ಕಾಣುತ್ತವೆ. ಬೆಳೆಸಿ ನೋಡಬೇಕೆಂದರೆ ಮೊಟ್ಟೆ ಹಾಕಿದ ಪೋಷಕದಲ್ಲಿ ವಾರಗಟ್ಟಲೆ ಕಾಯಬೇಕು. ಅದರಲ್ಲೂ ಮನುಷ್ಯರ ರೋಗಾಣುವಿಗೆ ಇಷ್ಟವಾದ ಗ್ಲಿಸರಾಲ್ ದನದ್ದಕ್ಕೆ ಒಗ್ಗುವುದಿಲ್ಲ, ಪೈರುವೇಟ್ ಬೇಕು. ಮಾಮೂಲಿ ಟಿ.ಬಿ. ಲ್ಯಾಬಿನಲ್ಲಿ ಅದು ಬೆಳೆಯದೇ ತಪ್ಪಿಸಿಕೊಳ್ಳಬಹುದು, ಅಲ್ವಾ?

ದನಗಳಿಗೆ ಬಿಡದ ಭೇದಿ ತರುವ ಜೋನ್ಸ್ ರೋಗದ ಬ್ಯಾಕ್ಟೀರಿಯಾ ಇನ್ನೂ ನಿಧಾನ. ಅದಕ್ಕೆ ತಿಂಗಳುಗಳೇ ಬೇಕು. 1912ರಲ್ಲಿ ಟ್ವಾರ್ಟ್ ಮತ್ತು ಇಂಗ್ರಾಮ್ ಅದನ್ನು ಬೆಳೆಸಿದ್ದು, ಪೋಷಕಕ್ಕೆ ಅದೇ ಕುಲದ ಸತ್ತ ಬ್ಯಾಕ್ಟೀರಿಯಾ ಬೆರೆಸಿ! ಸಗಣಿಯಲ್ಲಿ ಹುಡುಕುವಾಗ ಬೇರೆ ಕ್ರಿಮಿಗಳನ್ನು ಕೊಲ್ಲಲು ಕಾಸ್ಟಿಕ್ ಸೋಡಾದಂಥದ್ದನ್ನು ಹಾಕಬೇಕು. ಹಾಕಿದರೆ ಹುಡುಕುತ್ತಿರುವುದೂ ಒಂದಷ್ಟು ಸಾಯುತ್ತದೆ. ಪಿ.ಸಿ.ಆರ್. ಬಂದ ಮೇಲೆ ಕಾಯುವುದು ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಆದರೆ ಅದು ಸತ್ತ ರೋಗಾಣುವಿನ ಡಿ.ಎನ್.ಎ.ಯನ್ನೂ ಹಿಡಿದು ತೋರಿಸುತ್ತದೆ.

ನಮ್ಮಲ್ಲಿ ಹುಡುಕಬೇಕಾದ್ದು ಯಾವುದು ಎಂಬುದೇ ಈಚೆಗೆ ಬದಲಾಗುತ್ತಿದೆ. 2020ರಲ್ಲಿ ಪ್ರಕಟವಾದ ವೆಲ್ಲೂರಿನ ಸಂಶೋಧಕರ ಅಧ್ಯಯನ, ಭಾರತದಲ್ಲಿ ದನದಿಂದ ಮನುಷ್ಯರಿಗೆ ಬರುವ ಕ್ಷಯಕ್ಕೆ ಇದುವರೆಗೆ ಹುಡುಕುತ್ತಿದ್ದ ದನದ ರೋಗಾಣು ಎಂ. ಬೋವಿಸ್‌ಗಿಂತ ಅದರ ದಾಯಾದಿ ಎಂ. ಓರಿಜಿಸ್ ಮುಖ್ಯವಿರಬಹುದು ಎಂದಿತು.

ಸಿಕ್ಕ ಮೇಲೆ ಏನು? ಅಮೆರಿಕ 1917ರಿಂದ ಪರೀಕ್ಷಿಸಿ ಕೊಲ್ಲುವ ದಾರಿ ಹಿಡಿಯಿತು. ಮಹಾರಾಷ್ಟ್ರದಲ್ಲಿ 1976ರ ಕಾನೂನು ಹಸುವನ್ನು ಕೊಲ್ಲುವುದಕ್ಕೆ ಅಡ್ಡ ನಿಂತಿತು, 2015ರಲ್ಲಿ ಎತ್ತು, ಹೋರಿಗಳೂ ಸೇರಿದವು. ಎಮ್ಮೆ ಆ ಪಟ್ಟಿಯಲ್ಲಿಲ್ಲ. ಆದರೆ ಹಾಲು ಕೊಡುವ ಎಮ್ಮೆಯನ್ನು ಯಾರು ಸುಮ್ನೆ ಬಿಟ್ಟುಕೊಡುತ್ತಾರೆ? 1949ರಲ್ಲಿ ಮುಂಬೈ ಊರಿನ ತಬೇಲಾಗಳನ್ನು ಎಬ್ಬಿಸಿ ಆರೆ ಹಾಲಿನ ಕಾಲನಿ ಕಟ್ಟಿದಾಗ ಎಮ್ಮೆಗಳ ಜಾಗವನ್ನಾದರೂ ಬದಲಾಯಿಸಬಹುದಿತ್ತು. ರೋಗಕ್ಕೆ ಅಂಥ ಸುಲಭ ದಾರಿಯಿಲ್ಲ.

ಗುರುವಾರ ಡಾಕ್ಟರು ಬಂದರು. ಕ್ಯಾಲಿಪರ್ 3 ಮಿ.ಮೀ. ವ್ಯತ್ಯಾಸ ತೋರಿಸಿತು. ಹೌದೂ ಅಲ್ಲ, ಅಲ್ಲವೂ ಅಲ್ಲ. 42 ದಿನ ಬಿಟ್ಟು ಮತ್ತೆ ನೋಡಬೇಕಂತೆ.

"ಅಲ್ಲಿಯವರೆಗೆ ಹಾಲು?" ಎಂದು ಮಾಲೀಕರು ಕೇಳಿದರು.

"ಇದನ್ನು ಬೇರೆ ಕಟ್ಟಿ. ಇದರ ಹಾಲು ಬೆರೆಸಬೇಡಿ."

ಬೇರೆ ಕಟ್ಟಲು ಅಲ್ಲಿ ಜಾಗವೇ ಇರಲಿಲ್ಲ. ಎಮ್ಮೆ ಬೋಳಿಸಿದ ಕುತ್ತಿಗೆಯನ್ನು ಪಕ್ಕದ ಎಮ್ಮೆಯ ಬೆನ್ನಿಗೆ ಉಜ್ಜಿಕೊಳ್ಳುತ್ತಿತ್ತು.