ಕಾಲು ಎಣಿಸಿದ ಮೇಲೆ ಹೆಸರು ಬರೆಯಿರಿ

ಹೂಮಳೆ ಬಿದ್ದ ಮರುದಿನ, ನಾಪೋಕ್ಲು ಕಡೆಯ ನಮ್ಮ ತೋಟದ ಕಣದ ಪಕ್ಕ, ಒದ್ದೆ ಮಣ್ಣಿನ ಮೇಲೆ ಕಂದು ಚಿಟ್ಟೆಯೊಂದು ಕುಳಿತು ನೀರು ಹೀರುತ್ತಿತ್ತು. ರೆಕ್ಕೆಯ ಅಂಚಿಗೆ ಬಿಳಿ ಚುಕ್ಕೆಗಳ ಸಾಲು. ನೋಟ್‌ಬುಕ್ಕಿನಲ್ಲಿ 'ಕಾಮನ್ ಕ್ರೋ' ಎಂದು ಬರೆದು ಮುಂದೆ ಹೋದೆ. ರಾತ್ರಿ ಮೊಬೈಲ್‌ನಲ್ಲಿ ಚಿತ್ರ ಹಿಗ್ಗಿಸಿ ನೋಡಿದರೆ ಮಣ್ಣಿಗೆ ಊರಿದ್ದು ಆರು ಕಾಲು. ಕ್ರೋ ಆಗಿದ್ದರೆ ನಾಲ್ಕೇ ಕಾಣಬೇಕಿತ್ತು. ಹಿಂದಿನ ರೆಕ್ಕೆಯ ಅಂಚಿನಲ್ಲಿ ಹಳದಿ ಚುಕ್ಕೆಗಳು ಬೇರೆ. ಅದು ಕಾಮನ್ ಮೈಮ್, ಕ್ರೋ ವೇಷ ಹಾಕಿದ ಬೇರೆ ಮನೆತನದ ಚಿಟ್ಟೆ.

ಮನೆತನ ಎಂದೆ, ಪಠ್ಯದಲ್ಲಿ ಅದು 'ಕುಟುಂಬ'. ಕ್ರೋ ಇರುವುದು ನಿಂಫಾಲಿಡೇ ಕುಟುಂಬದಲ್ಲಿ. ಇವುಗಳ ಮುಂಗಾಲು ಕುಗ್ಗಿ, ಎದೆಗೆ ಮಡಚಿಕೊಂಡಿರುತ್ತದೆ, ನಡೆಯಲು ಬರುವುದಿಲ್ಲ. ಹಾಗೆಂದು ಅದು ದಂಡವಲ್ಲ: ಮೊಟ್ಟೆ ಇಡುವ ಮುನ್ನ ಹೆಣ್ಣು ಅದೇ ಕಾಲಿನಿಂದ ಎಲೆಯನ್ನು ತಟ್ಟಿ ರುಚಿ ನೋಡುತ್ತದೆ. ಮೈಮ್ ಇರುವುದು ಪ್ಯಾಪಿಲಿಯೊನಿಡೇ ಕುಟುಂಬದಲ್ಲಿ, ಅಲ್ಲಿ ಆರೂ ಕಾಲು ಕೆಲಸಕ್ಕೆ ಬರುತ್ತವೆ. ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಮಲಬಾರ್ ರೇವನ್ ಕೂಡ ಇದೇ ಕುಟುಂಬದ್ದು, ಇದೇ ಕ್ರೋ ವೇಷದ್ದು. ಮರಿಹುಳುಗಳ ಊಟವೂ ಬೇರೆ: ಕ್ರೋ ಮರಿಗೆ ಕಣಗಿಲೆ, ಮೈಮ್ ಮರಿಗೆ ದಾಲ್ಚಿನ್ನಿ.

ಬಣ್ಣ ನೋಡಿ ಗುಂಪು ಮಾಡುವ ಚಪಲ ಹಳೆಯದು. 1758ರಲ್ಲಿ, ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ಕಟ್ಟಿದ ಸ್ವೀಡನ್ನಿನ ಲಿನೇಯಸ್ ದೊಡ್ಡ ಚಿಟ್ಟೆಗಳನ್ನು 'ಯೋಧರು' ಎಂದು ಕರೆದು, ಎದೆಯಲ್ಲಿ ರಕ್ತದಂಥ ಕಲೆ ಇರುವ ಕಪ್ಪು ಚಿಟ್ಟೆಗಳನ್ನು ಟ್ರಾಯ್ ಪಕ್ಷಕ್ಕೆ, ಉಳಿದವನ್ನು ಗ್ರೀಕರ ಪಕ್ಷಕ್ಕೆ ಸೇರಿಸಿದ. ನಮ್ಮವರು ಹೆಸರಿಟ್ಟಿದ್ದರೆ ಕೌರವ, ಪಾಂಡವ ಆಗಿರುತ್ತಿದ್ದವೇನೋ! ಕೆಂಪು ಮೈಯ ಕ್ರಿಮ್ಸನ್ ರೋಸ್ ಚಿಟ್ಟೆಗೆ ಟ್ರಾಯ್ ವೀರ 'ಹೆಕ್ಟರ್'ನ ಹೆಸರು ಇವತ್ತಿಗೂ ಉಳಿದಿರುವುದು ಹಾಗೆ.

ಈಗ ಕಿತ್ತಳೆ ಗಿಡದ ಹತ್ತಿರ ಬನ್ನಿ. ಕೊಡಗಿನಲ್ಲಿ ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯವಿಲ್ಲ. ಎಳೆಯ ಚಿಗುರಿನ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಅಂಟಿಕೊಂಡಿದ್ದರೆ ಕಡ್ಡಿಯಿಂದ ಮೆಲ್ಲಗೆ ತಟ್ಟಿ. ತಲೆಯ ಹಿಂದಿನಿಂದ ಕವಲೊಡೆದ ಮೆತ್ತನೆಯ ಕೊಂಬು ಹೊರಚಾಚಿ, ಗಾಟು ವಾಸನೆ ಬಂದರೆ ಅದು ಪ್ಯಾಪಿಲಿಯೊ ಕುಲದ ಮರಿಹುಳು. ಹೆಚ್ಚಿನ ಸಲ ಕಾಮನ್ ಮಾರ್ಮನ್. ಬೆಳೆದಂತೆ ಹಸಿರಾಗಿ ಎಲೆಯಲ್ಲಿ ಕರಗಿಹೋಗುತ್ತದೆ. ಇದರ ಗಂಡು ಒಂದೇ ರೂಪದ್ದು: ಕಪ್ಪು ಮೈ, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಪಟ್ಟಿ. ಹೆಣ್ಣು ನಮ್ಮಲ್ಲಿ ಮೂರು ಬಗೆ. ಒಂದು ಗಂಡಿನಂತೆಯೇ, ಒಂದು ಕಾಮನ್ ರೋಸ್‌ನಂತೆ, ಇನ್ನೊಂದು ಕ್ರಿಮ್ಸನ್ ರೋಸ್‌ನಂತೆ. ಕೊನೆಯದಕ್ಕೆ ಹಿಂದೆ 'ರೋಮ್ಯುಲಸ್' ಎಂಬ ಬೇರೆ ಪ್ರಭೇದದ ಹೆಸರೇ ಸಿಕ್ಕಿತ್ತು. ಒಂದೇ ಪ್ರಭೇದದ ಹೆಣ್ಣುಗಳು ಹೀಗೆ ಹಲವು ರೂಪದಲ್ಲಿರುತ್ತವೆ ಎಂದು 1865ರಲ್ಲಿ ಬ್ರಿಟಿಷ್ ನಿಸರ್ಗ ವಿಜ್ಞಾನಿ ವಾಲೆಸ್ ವಿವರಿಸಿದ.

ಮಾರ್ಮನ್ ಹೆಣ್ಣು ಈ ರೋಸ್ ಚಿಟ್ಟೆಗಳನ್ನೇ ಅನುಕರಿಸುವುದೇಕೆ? ರೋಸ್ ಮರಿಗಳು ಈಶ್ವರಿ ಬಳ್ಳಿ ತಿಂದು ಅದರ ವಿಷವನ್ನು ಮೈಯಲ್ಲಿ ಕೂಡಿಡುತ್ತವೆ. ಒಮ್ಮೆ ತಿಂದು ಉಗುಳಿದ ಹಕ್ಕಿ ಕೆಂಪು-ಕಪ್ಪು-ಬಿಳಿಯನ್ನು ಮರೆಯುವುದಿಲ್ಲ. ವಿಷವಿಲ್ಲದ್ದು ವಿಷದ ವೇಷ ಹಾಕುವ ಈ ತಂತ್ರವೇ ಬೇಟ್ಸಿಯನ್ ಅನುಕರಣೆ. ಹನ್ನೊಂದು ವರ್ಷ ಅಮೆಜಾನ್ ಸುತ್ತಿದ ಹೆನ್ರಿ ಬೇಟ್ಸ್ 1862ರಲ್ಲಿ ಇದನ್ನು ಬರೆದ. ನಕಲಿಗಳು ಅಸಲಿಗಿಂತ ಹೆಚ್ಚಾದರೆ ಹಕ್ಕಿಗೆ ಗುಟ್ಟು ತಿಳಿದು ವೇಷ ಕೆಲಸಕ್ಕೆ ಬಾರದು. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್ ಚಿಟ್ಟೆಗಳಂತೆ ಇಬ್ಬರೂ ವಿಷವುಳ್ಳವರಾಗಿದ್ದು ಒಂದೇ ಬಣ್ಣ ಹಂಚಿಕೊಂಡರೆ ಅದು ಮುಲ್ಲೇರಿಯನ್; ಹಕ್ಕಿಗೆ ಪಾಠ ಕಲಿಸುವ ನಷ್ಟವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಈ ಎರಡನ್ನು ಅದಲುಬದಲು ಮಾಡದವರು ಕಡಿಮೆ, ನಾನೂ ಮಾಡಿದ್ದೇನೆ.

ಮಾರ್ಮನ್ ಹೆಣ್ಣಿನ ವೇಷವನ್ನು ನಿರ್ಧರಿಸುವುದು 'ಡಬಲ್‌ಸೆಕ್ಸ್' ಎಂಬ ಒಂದೇ ಜೀನ್ ಎಂದು 2014ರಲ್ಲಿ ಗೊತ್ತಾಯಿತು. ಕೀಟಗಳಲ್ಲಿ ಗಂಡು-ಹೆಣ್ಣಿನ ಮೈಲಕ್ಷಣಗಳನ್ನು ಬೇರೆ ಮಾಡುವ ಜೀನ್ ಅದು. ಆದರೆ ವೇಷ ರೆಕ್ಕೆಗೆ ಮಾತ್ರ. ಕ್ರಿಮ್ಸನ್ ರೋಸ್‌ನ ತಲೆ, ಹೊಟ್ಟೆ ಕುಂಕುಮ ಬಳಿದಂತಿದ್ದರೆ ಮಾರ್ಮನ್ ಹೆಣ್ಣಿನ ಮೈ ಕಪ್ಪೇ. ಕೇಪಳದ ಹೂವಿನ ಮೇಲೆ ರೆಕ್ಕೆ ಬಡಿಯುತ್ತಿರುವಾಗಲೂ ಇಷ್ಟು ಕಾಣುತ್ತದೆ.

ಕಾಲು ಎಣಿಸುವ ಉಪಾಯ ಕೈಕೊಡುವುದೂ ಉಂಟು. ಪ್ಲೇನ್ ಟೈಗರ್ ಮತ್ತು ಅದನ್ನು ನಕಲು ಮಾಡುವ ಡಾನೈಡ್ ಎಗ್‌ಫ್ಲೈ ಹೆಣ್ಣು, ಎರಡೂ ನಿಂಫಾಲಿಡೇ. ಎರಡರಲ್ಲೂ ಕಾಣುವುದು ನಾಲ್ಕೇ ಕಾಲು. ಆಗ ಹಿಂದಿನ ರೆಕ್ಕೆಯನ್ನು ನೋಡಬೇಕು. ಟೈಗರ್‌ಗೆ ನಡುವೆ ಮೂರು ಕಪ್ಪು ಚುಕ್ಕೆ, ಗಂಡಾದರೆ ನಾಲ್ಕು; ಎಗ್‌ಫ್ಲೈಗೆ ಮೇಲಂಚಿನ ಬಳಿ ಒಂದೇ.

ನನ್ನ ಹಳೆಯ ಪಟ್ಟಿಯಲ್ಲಿ ಹನ್ನೊಂದು 'ಕ್ರೋ'ಗಳಿವೆ. ಕಾಲು ಕಾಣುವ ಚಿತ್ರವಿರುವುದು ನಾಲ್ಕಕ್ಕೆ. ಉಳಿದ ಏಳರ ಮುಂದೆ ಪೆನ್ಸಿಲ್‌ನಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೇನೆ.