ವೈಫೈ ಕಂಡುಹಿಡಿದವರು ಹಾಲಿವುಡ್ ನಟಿ ಹೆಡಿ ಲಮಾರ್ ಅಂತೆ, ಹೌದಾ?

ಅಲ್ಲ. ಪ್ರತಿ ನವೆಂಬರ್ 9ಕ್ಕೆ, ಅಂದರೆ ಅವರ ಹುಟ್ಟುಹಬ್ಬಕ್ಕೆ, ಅದೇ ಕಪ್ಪುಬಿಳುಪು ಫೋಟೊ ವಾಟ್ಸಾಪ್‌ನಲ್ಲಿ ಸುತ್ತುತ್ತದೆ. ಬೆನ್ನಿಗೇ ಈ ಪ್ರಶ್ನೆಯೂ ಬರುತ್ತದೆ.

1942ರಲ್ಲಿ ಅವರಿಗೂ ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್‌ಗೂ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿದ್ದು ನಿಜ. ಅದರಲ್ಲಿ ಲಮಾರ್ ಅನ್ನುವ ಸಿನಿಮಾ ಹೆಸರೇ ಇಲ್ಲ, ಹೆಡಿ ಕೀಸ್ಲರ್ ಮಾರ್ಕಿ ಎಂದಿದೆ. ಫಾರ್ವರ್ಡ್ ಮಾಡುವವರು ಯಾರೂ ಅದನ್ನು ತೆರೆದು ನೋಡಿದಂತಿಲ್ಲ. ವಿಷಯ ಟಾರ್ಪಿಡೊ, ಅಂದರೆ ನೀರಿನೊಳಗೆ ಸಾಗಿ ಹಡಗಿಗೆ ಬಡಿಯುವ ಅಸ್ತ್ರ. ರೇಡಿಯೊದಿಂದ ಟಾರ್ಪಿಡೊ ನಡೆಸಿದರೆ ಶತ್ರು ಆ ಫ್ರೀಕ್ವೆನ್ಸಿ ಪತ್ತೆಹಚ್ಚಿ ಅಡ್ಡಿ ಮಾಡಬಹುದು. ಕಳಿಸುವ ಯಂತ್ರ, ಪಡೆಯುವ ಯಂತ್ರ ಎರಡೂ ಒಟ್ಟೊಟ್ಟಿಗೇ ಫ್ರೀಕ್ವೆನ್ಸಿ ಬದಲಿಸುತ್ತಾ ಹೋದರೆ? ಒಳ್ಳೇ ಉಪಾಯ ಅಲ್ವಾ?

ಆದರೆ ಹೀಗೆ ಒಂದು ಫ್ರೀಕ್ವೆನ್ಸಿಯಿಂದ ಇನ್ನೊಂದಕ್ಕೆ ಜಿಗಿಯುವ ಯೋಚನೆಯೂ ಹೊಸದಲ್ಲ. ಜರ್ಮನಿಯ ಯೊನಾಥನ್ ಜೆನೆಕ್ 1908ರಲ್ಲೇ ಇದರ ಬಗ್ಗೆ ಬರೆದಿದ್ದರು. ಡಚ್ಚರ ವಿಲ್ಲೆಮ್ ಬ್ರೂರ್ಟ್ಯೆಸ್‌ಗೆ 1932ರಲ್ಲಿ ಅಮೆರಿಕದ ಪೇಟೆಂಟೇ ಸಿಕ್ಕಿತ್ತು. ಇನ್ನು ವೈಫೈ. 1997ರ ಮೊದಲ ಮಾನದಂಡದಲ್ಲಿ ಜಿಗಿತ ಒಂದು ಆಯ್ಕೆಯಾಗಿತ್ತು, ಅಷ್ಟೇ. 1999ರಲ್ಲಿ ಬಂದು ಮನೆಮನೆ ಸೇರಿದ ವೈಫೈ ಜಿಗಿಯುವುದಿಲ್ಲ. ಅವರ ಹೆಸರಿಗೇ ಸೇರಿಸುವ ಜಿಪಿಎಸ್ ಕೂಡ ಜಿಗಿಯುವುದಿಲ್ಲ. ಬ್ಲೂಟೂತ್ ಜಿಗಿಯುತ್ತದೆ, ಸೆಕೆಂಡಿಗೆ 1600 ಸಲ. ತತ್ವ ಒಂದೇ ಇದ್ದ ಮಾತ್ರಕ್ಕೆ ಅದನ್ನು ಹೆಡಿಯೇ ಮಾಡಿದರು ಅನ್ನುವುದು ಸುಮ್ನೆ ಮಾತು.

ಇಷ್ಟು ಹೇಳಿದರೆ ‘ಹೆಣ್ಣಿಗೆ ಸಿಗಬೇಕಾದ ಹೆಸರು ಕಿತ್ಕೋತೀರಾ’ ಅಂತ ಬೈಯುತ್ತಾರೆ. ಸ್ವಾಮಿ, ಅವರ ನಿಜವಾದ ಬದುಕೇ ಸಾಲದೇ? 1914ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಗಂಡ ಫ್ರಿಟ್ಜ್ ಮಾಂಡ್ಲ್ ಮದ್ದುಗುಂಡು ತಯಾರಕ. 1937ರಲ್ಲಿ ಅವನನ್ನು ಬಿಟ್ಟು ಓಡಿದರು. ಅದೇ ವರ್ಷ ಎಂಜಿಎಂ ಸಿನಿಮಾ ಸ್ಟುಡಿಯೊದ ಮುಖ್ಯಸ್ಥ ಲೂಯಿ ಬಿ. ಮೇಯರ್ ಜೊತೆ ಒಪ್ಪಂದ. 1938ರ ‘ಅಲ್ಜಿಯರ್ಸ್’ ಸಿನಿಮಾ ರಾತ್ರೋರಾತ್ರಿ ಹೆಸರು ತಂದಿತು. ಆಮೇಲೆ ಸ್ಟುಡಿಯೊ ಅವರ ಮುಖವನ್ನಷ್ಟೇ ಜಾಸ್ತಿ ಬಳಸಿತು. ತುಂಬಾ ದೊಡ್ಡ ಗೆಲುವು ಸಿಕ್ಕಿದ್ದು 1949ರ ‘ಸ್ಯಾಮ್ಸನ್ ಅಂಡ್ ಡೆಲೈಲಾ’ದಲ್ಲಿ, ಅದೂ ಬೇರೆ ಸ್ಟುಡಿಯೊದಿಂದ.

ಯಾರೂ ಕೇಳದಿದ್ದರೂ ಒಂದು ಹೇಳಲೇಬೇಕು. ಆ ಪೇಟೆಂಟ್‌ನಲ್ಲಿ 88 ಫ್ರೀಕ್ವೆನ್ಸಿಗಳ ಮಾತಿದೆ. ಪಿಯಾನೊದಲ್ಲಿ ಒತ್ತುವ ಕೀಗಳೂ ಅಷ್ಟೇ! ಆಂಥೈಲ್ ತಾವಾಗಿಯೇ ನುಡಿಯುವ ಹಲವು ಪಿಯಾನೊಗಳಿಗಾಗಿ ಸಂಗೀತ ಬರೆದವರು. ಆ ಪಿಯಾನೊಗಳು ತೂತು ಹೊಡೆದ ಕಾಗದದ ಸುರುಳಿಯಿಂದ ನಡೆಯುತ್ತವೆ. ಎರಡು ಯಂತ್ರ ಹೊಂದಿಸಲು ಅದೇ ಸುರುಳಿಯನ್ನು ಇಲ್ಲಿಗೂ ತಂದರು. ನೌಕಾಪಡೆ ಇದನ್ನು ಬದಿಗಿಟ್ಟಿತು. ಟಾರ್ಪಿಡೊ ಒಳಗೆ ಪಿಯಾನೊ ತುರುಕಬೇಕು ಎಂದುಕೊಂಡರೇನೋ ಎಂದು ಆಂಥೈಲ್ ಆಮೇಲೆ ಗೊಣಗಿದ್ದರು.